ಕುಬಸದ ತುಂಡಿನಿಂದ ಏರೋಪ್ಲೇನ್ ಚಿಟ್ಟೆ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಯಾವುದೇ ದರ್ಜಿ ಅಂಗಡಿಗೆ ಸಂಜೆ ಹೊತ್ತಿನಲ್ಲಿ ಹೋಗಿ, ಮಷಿನ್ನಿನ ಕೆಳಗೆ ಬಿದ್ದ ತುಂಡುಗಳನ್ನು ಒಮ್ಮೆ ಹರಡಿ ನೋಡಬೇಕು. ಕುಬಸದ ಕೊರಳು ಕತ್ತರಿಸಿದಾಗ ಉಳಿದ ಅರ್ಧಚಂದ್ರ, ಕಂಕುಳ ಬಾಗು ತೆಗೆದಾಗ ಉದುರಿದ ಕೊಡಲಿ ಅಲಗಿನಂಥ ಚೂರು, ಅಂಚಿನಿಂದ ಬಂದ ಉದ್ದನೆಯ ಪಟ್ಟಿ. ಚೂರುಗಳು ಸಾಮಾನ್ಯವಾಗಿ ಜೋಡಿಯಾಗಿಯೇ ಸಿಗುತ್ತವೆ. ದರ್ಜಿ ಬಟ್ಟೆಯನ್ನು ಮಡಚಿ ಕತ್ತರಿ ಆಡಿಸುವುದರಿಂದ ಎಡಕ್ಕೊಂದು ಬಲಕ್ಕೊಂದು, ಕನ್ನಡಿಯಲ್ಲಿ ಕಂಡ ಹಾಗೆ ಒಂದಕ್ಕೊಂದು ಹೊಂದುತ್ತವೆ. ಮನುಷ್ಯನ ಮೈ ಎಡಬಲಕ್ಕೆ ಒಂದೇ ಅಳತೆ ಇದೆ, ಅದಕ್ಕೇ ಬಟ್ಟೆ ಮಡಚಿ ಕತ್ತರಿಸುತ್ತಾರೆ. ಕೀಟದ ಮೈಯೂ ಹಾಗೆಯೇ ಇದೆ. ಆದ್ದರಿಂದ ನಮ್ಮ ಕುಬಸದಿಂದ ಉಳಿದ ತುಂಡು ಒಂದು ಚಿಟ್ಟೆಯ ಎರಡು ರೆಕ್ಕೆಗೆ ಸರಿಯಾಗಿ ಕೂಡುತ್ತದೆ.

ಇದನ್ನು ಮೊದಲು ಗಮನಿಸಿದ್ದು ಕಮಲಾಪುರದ ನನ್ನ ಚಿಗವ್ವ. ಆಕೆ ನಲವತ್ತು ವರ್ಷಗಳಿಂದ ಕೌದಿ ಹೊಲಿಯುತ್ತಿದ್ದಾಳೆ. ಹಳೆಯ ಸೀರೆ, ಧೋತರ, ಹರಿದ ಅಂಗಿಗಳನ್ನು ಪದರ ಪದರವಾಗಿ ಹಾಸಿ, ಉದ್ದಕ್ಕೆ ಓಡುವ ಹೊಲಿಗೆಯಿಂದ ಒಂದು ಮಾಡುವ ಈ ಕೆಲಸ ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಸದೇನಲ್ಲ. ಕೌದಿಗೂ ಸಾಲದಷ್ಟು ಸಣ್ಣ ಚೂರುಗಳನ್ನು ಆಕೆ ಒಂದು ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಮೊಮ್ಮಗಳು ಒಂದು ದಿನ ಆ ಡಬ್ಬಿ ಸುರಿದು ಆಡುವಾಗ, ಚಿಗವ್ವ "ನೋಡ್ ತಮ್ಮಾ, ಇವು ಪಾತರಗಿತ್ತಿ ರೆಕ್ಕಿ ಇದ್ದಂಗ ಅವ" ಎಂದು ನನ್ನ ಮುಂದೆ ಎರಡು ಚೂರು ಜೋಡಿಸಿಟ್ಟಳು. ಅಂದಿನಿಂದ ನಾನು ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗುವಾಗಲೆಲ್ಲ ಕೈಯಲ್ಲಿ ಒಂದು ಚೀಲ ಇರುತ್ತದೆ. ಅದರಲ್ಲಿ ದರ್ಜಿ ಕೊಟ್ಟ ಚೂರುಗಳು, ಮನೆ ಕಟ್ಟುವಲ್ಲಿ ಕಬ್ಬಿಣ ಕಟ್ಟಿ ಉಳಿದ ಬೈಂಡಿಂಗ್ ವೈರು, ಪಂಪಿನ ಮೋಟರು ರಿವೈಂಡಿಂಗ್ ಮಾಡುವ ಅಂಗಡಿಯಿಂದ ತಂದ ತೆಳ್ಳನೆಯ ತಾಮ್ರದ ತಂತಿ. ಶಾಲೆಯಲ್ಲಿ ಜೀವವಿಜ್ಞಾನ ಕಲಿಸಿದವನು ನಾನು. ಕೀಟದ ಚಿತ್ರವನ್ನು ಹಲಗೆಯ ಮೇಲೆ ನೂರಾರು ಸಲ ಬರೆದಿದ್ದೇನೆ. ಆದರೂ ಬಟ್ಟೆ, ತಂತಿ ಹಿಡಿದು ಕೂತ ಮೇಲೆ ಗೊತ್ತಾದ ಕೆಲವು ಸಂಗತಿಗಳು ಆ ಚಿತ್ರದಲ್ಲಿ ಇರಲಿಲ್ಲ.

ಮೊದಲ ಸಂಗತಿ ಕಾಲಿನದು. ಮಕ್ಕಳು ಬಟ್ಟೆಯ ಹುಳಕ್ಕೆ ಕಾಲು ಹಚ್ಚುವಾಗ ಮೈಯುದ್ದಕ್ಕೂ ಸಮನಾಗಿ ಹಂಚುತ್ತಾರೆ. ತಲೆಯ ಹತ್ತಿರ ಎರಡು, ನಡುವೆ ಎರಡು, ಬಾಲದ ಹತ್ತಿರ ಎರಡು. ನೋಡಲು ಅದು ಮೇಜಿನಂತೆ ಕಾಣುತ್ತದೆಯೇ ಹೊರತು ಹುಳದಂತೆ ಕಾಣುವುದಿಲ್ಲ. ಕೀಟದ ಮೈ ತಲೆ, ಎದೆ, ಹೊಟ್ಟೆ ಎಂದು ಮೂರು ಪಾಲು. ಆರು ಕಾಲೂ, ಇದ್ದರೆ ನಾಲ್ಕು ರೆಕ್ಕೆಯೂ ಎದೆಗೇ ಸೇರಿರುತ್ತವೆ. ಎದೆಯಲ್ಲಿ ಮೂರು ಖಂಡ. ಒಂದೊಂದು ಖಂಡಕ್ಕೆ ಒಂದು ಜೊತೆ ಕಾಲು. ರೆಕ್ಕೆಗಳು ಎರಡನೆಯ ಮತ್ತು ಮೂರನೆಯ ಖಂಡಕ್ಕೆ. ಹೊಟ್ಟೆ ಹಿಂದೆ ತೂಗಾಡುತ್ತಿರುತ್ತದೆ, ಅದಕ್ಕೆ ಆಸರೆಯೇ ಇಲ್ಲ. ತಂತಿಯ ಲೆಕ್ಕದಲ್ಲಿ ಇದು ತುಂಬ ಅನುಕೂಲ. ಮೂರು ತಂತಿಗಳನ್ನು ಎದೆಯ ಅಡ್ಡಕ್ಕೆ ಹಾಯಿಸಿ, ನಡುವೆ ಒಂದೇ ಕಡೆ ಬಿಗಿದರೆ ಆರು ಕಾಲು ಸಿದ್ಧ. ಓಡಾಡುವ ಯಂತ್ರವೆಲ್ಲ ಎದೆಯ ಗೂಡಿನಲ್ಲಿ, ಊಟ ಮತ್ತು ಮೊಟ್ಟೆಯ ಉಗ್ರಾಣ ಹಿಂದಿನ ಹೊಟ್ಟೆಯಲ್ಲಿ.

ಆರು ಕಾಲು ಯಾಕೆ ಬೇಕು ಎನ್ನುವುದಕ್ಕೂ ತಂತಿಯ ಹುಳವೇ ಉತ್ತರ ಕೊಟ್ಟಿತು. ಆರು ಕಾಲನ್ನೂ ನೆಲಕ್ಕೆ ತಾಗಿಸಲು ಇಕ್ಕಳ ಹಿಡಿದು ಎಷ್ಟು ಬಾಗಿಸಿದರೂ ಒಂದಲ್ಲ ಒಂದು ಎತ್ತಿಕೊಂಡು ಹುಳ ಅಲುಗುತ್ತಲೇ ಇತ್ತು. ಮೂರನ್ನು ಮಾತ್ರ ಊರಿಸಿ, ಉಳಿದ ಮೂರನ್ನು ಸ್ವಲ್ಪ ಎತ್ತಿದಾಗ ಅಲುಗದೆ ನಿಂತಿತು. ಒಲೆಗೆ ಮೂರೇ ಗುಂಡು ಹೂಡುವುದು ಇದೇ ಕಾರಣಕ್ಕೆ. ನೆಲ ಎಷ್ಟೇ ಏರುಪೇರಾಗಿದ್ದರೂ ಮೂರು ಬಿಂದುಗಳ ಮೇಲೆ ಕೂತದ್ದು ಗಡಗಡ ಅನ್ನುವುದಿಲ್ಲ. ಜಿರಳೆ, ಇರುವೆ ನಡೆಯುವುದೂ ಹೀಗೆ: ಒಂದು ಬದಿಯ ಮುಂಗಾಲು, ಹಿಂಗಾಲು ಮತ್ತು ಇನ್ನೊಂದು ಬದಿಯ ನಡುಗಾಲು ನೆಲದ ಮೇಲೆ, ಉಳಿದ ಮೂರು ಗಾಳಿಯಲ್ಲಿ. ಮರುಹೆಜ್ಜೆಗೆ ಪಾಳಿ ಬದಲು. ಹೆಜ್ಜೆ ಹೆಜ್ಜೆಗೂ ಅದು ಒಂದು ಒಲೆ ಹೂಡಿಕೊಳ್ಳುತ್ತ ಹೋಗುತ್ತದೆ.

ರೆಕ್ಕೆಯ ವಿಷಯಕ್ಕೆ ಬರುತ್ತೇನೆ. ಬಟ್ಟೆಗೂ ಕೀಟದ ರೆಕ್ಕೆಗೂ ಇರುವ ನಂಟು ನೋಟದ್ದಷ್ಟೇ ಅಲ್ಲ. ಹತ್ತಿಯ ಎಳೆ ಎಂದರೆ ಸೆಲ್ಯುಲೋಸ್. ಗ್ಲೂಕೋಸ್ ಸಕ್ಕರೆಯ ಸಾವಿರಾರು ಮಣಿಗಳನ್ನು ಸಾಲಾಗಿ ಪೋಣಿಸಿದ ಸರ ಅದು. ಕೀಟದ ಹೊರಮೈ ಮತ್ತು ರೆಕ್ಕೆಯ ಮುಖ್ಯ ಎಳೆ ಕೈಟಿನ್. ಅದೂ ಹೆಚ್ಚುಕಡಿಮೆ ಅದೇ ಸರ; ಪ್ರತಿ ಮಣಿಯ ಒಂದು ಮೂಲೆಗೆ ನೈಟ್ರೋಜನ್ ಇರುವ ಸಣ್ಣದೊಂದು ಗುಂಪು ಸಿಕ್ಕಿಕೊಂಡಿದೆ, ಅಷ್ಟೇ ವ್ಯತ್ಯಾಸ. 1823ರಲ್ಲಿ ಫ್ರಾನ್ಸಿನ ಆಗಸ್ಟ್ ಓಡಿಯೇ ಕೀಟಗಳ ಮೈಯಿಂದ ಈ ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಹೆಸರಿಟ್ಟ. ಗ್ರೀಕರು ಮೈಗೆ ಸುತ್ತಿಕೊಳ್ಳುತ್ತಿದ್ದ ನಿಲುವಂಗಿಯ ಹೆಸರು 'ಕೈಟನ್', ಅದರಿಂದಲೇ ಕೈಟಿನ್. ಕೀಟದ ಮೈಯನ್ನು ನೋಡಿದ ರಸಾಯನಶಾಸ್ತ್ರಜ್ಞನಿಗೆ ಹೊಳೆದದ್ದೂ ಅಂಗಿಯೇ.

ಇನ್ನೊಂದು ನೆಂಟ ಅಡುಗೆಮನೆಯಲ್ಲಿದ್ದಾನೆ. ಚಿಗವ್ವ ರೆಕ್ಕೆಯ ಬಟ್ಟೆ ಸೆಟೆದು ನಿಲ್ಲಲೆಂದು ಅನ್ನದ ಗಂಜಿಯಲ್ಲಿ ಅದ್ದಿ, ತಾಟಿನ ಬೆನ್ನ ಮೇಲೆ ಹರವಿ ಒಣಗಿಸುತ್ತಾಳೆ. ಗಂಜಿಯ ಪಿಷ್ಟವೂ ಗ್ಲೂಕೋಸಿನ ಸರವೇ. ಮಣಿ ಮಣಿ ಕೂಡುವ ಕೋನ ಬೇರೆಯಾದ್ದರಿಂದ ಅದು ಸುರುಳಿ ಸುತ್ತುತ್ತದೆ, ಬಿಸಿನೀರಿಗೆ ಅರಳುತ್ತದೆ, ನಮ್ಮ ಹೊಟ್ಟೆಗೆ ಅರಗುತ್ತದೆ. ಹತ್ತಿ ಮತ್ತು ಗಂಜಿ ಒಂದೇ ಕುಲದವಾದ್ದರಿಂದ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಪಾಲಿಯೆಸ್ಟರ್ ಚೂರಿಗೆ ಎಷ್ಟು ಗಂಜಿ ಹಾಕಿದರೂ ಅಷ್ಟಾಗಿ ಹಿಡಿಯುವುದಿಲ್ಲ, ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಮೆಹಬೂಬ್ ಶಾಹಿ ಮಿಲ್ಲು ನಡೆಯುತ್ತಿದ್ದ ಕಾಲದಲ್ಲಿ ಕಲಬುರಗಿಯಲ್ಲಿ ಹತ್ತಿಬಟ್ಟೆಗೆ ಬರವಿರಲಿಲ್ಲ. ಈಗ ಆ ಮಿಲ್ಲು ಇಲ್ಲ, ಎಂ.ಎಸ್.ಕೆ. ಮಿಲ್ ಎಂಬ ಬಡಾವಣೆಯ ಹೆಸರಷ್ಟೇ ಉಳಿದಿದೆ. ದರ್ಜಿಯ ಚೀಲದಲ್ಲಿ ಅಪ್ಪಟ ಹತ್ತಿಯ ಚೂರನ್ನು ಆರಿಸಿ ತೆಗೆಯಬೇಕಾಗುತ್ತದೆ. ಎಳೆ ಸುಟ್ಟು ನೋಡಿದರೆ ಗೊತ್ತಾಗುತ್ತದೆ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಗುಂಡಾಗಿ ಕರಗುತ್ತದೆ.

ನಾವು ಹೆಚ್ಚು ದಿನ ತಲೆ ಕೆಡಿಸಿಕೊಂಡದ್ದು ಏರೋಪ್ಲೇನ್ ಚಿಟ್ಟೆಗೆ. ಕೆರೆಯ ಮೇಲೆ, ಹೊಲದ ಮೇಲೆ, ಮಳೆ ನಿಂತ ಸಂಜೆ ಅಂಗಳದ ಮೇಲೂ ಗುಂಪಾಗಿ ಹಾರುವ ಅದನ್ನು ಕಾಣದವರಿಲ್ಲ. ಚಿಗವ್ವ ತಾಮ್ರದ ತಂತಿಯನ್ನು ಎಲೆಯಾಕಾರಕ್ಕೆ ಬಾಗಿಸಿ, ಸುತ್ತ ಒಂದೇ ದಪ್ಪದ ಚೌಕಟ್ಟು ಮಾಡಿ, ಅದಕ್ಕೆ ಆರ್ಗಂಜಾ ಬಟ್ಟೆ ಹೊಲಿದಳು. ನಾಲ್ಕು ರೆಕ್ಕೆ ಹಚ್ಚಿ ಬಾಗಿಲ ತೋರಣದ ಮೊಳೆಗೆ ತೂಗಿಬಿಟ್ಟರೆ ರೆಕ್ಕೆಯ ತುದಿಗಳು ಕೆಳಗೆ ಜೋತುಬಿದ್ದವು. ತಂತಿ ದಪ್ಪ ಮಾಡಿದರೆ ಜೋತುಬೀಳುವುದು ನಿಂತಿತು, ಆದರೆ ಅದು ಬ್ಯಾಡ್ಮಿಂಟನ್ ಬ್ಯಾಟಿನಂತೆ ಭಾರವಾಯಿತು.

ಆಗ ನಾನು ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಸಿಕ್ಕಿದ್ದ ಸತ್ತ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯೊಂದನ್ನು ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ಆಕೆಗೆ ತೋರಿಸಿದೆ. ಆಕೆ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮುಂದಿನ ಅಂಚಿಗೇ ಎಲ್ಲಾ ದಪ್ಪ ದಾರ ಹಾಕ್ಯಾನ. ಹಿಂದ ಬರೇ ಜಾಳಗಿ" ಎಂದಳು. ಅಷ್ಟರಲ್ಲೇ ಎಲ್ಲ ಇತ್ತು. ಗಾಳಿಯನ್ನು ಸೀಳುವ ಮುಂದಿನ ಅಂಚಿನಲ್ಲಿ ದಪ್ಪ ನಾಳಗಳು ಒತ್ತೊತ್ತಾಗಿ ಓಡುತ್ತವೆ. ಹಿಂದೆ ಹೋದಂತೆ ನಾಳಗಳು ತೆಳುವಾಗಿ, ಜೇನುಗೂಡಿನಂಥ ಸಣ್ಣ ಸಣ್ಣ ಕೋಣೆಗಳಾಗಿ ಒಡೆಯುತ್ತವೆ. ನಡುವಿನ ಪೊರೆಯ ದಪ್ಪ ಕೆಲವೆಡೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗ ಮಾತ್ರ. ನಾಲ್ಕು ರೆಕ್ಕೆ ಸೇರಿದರೂ ತೂಕ ಇಡೀ ಮೈಯ ನೂರಕ್ಕೆ ಎರಡು ಪಾಲಿನ ಸುತ್ತ.

ಭೂತಗನ್ನಡಿ ಓರೆ ಮಾಡಿದಾಗ ಇನ್ನೊಂದು ಕಂಡಿತು. ರೆಕ್ಕೆ ಚಪ್ಪಟೆಯಾಗಿಲ್ಲ, ನಾಳಗಳು ಒಂದು ಮೇಲೆ ಒಂದು ಕೆಳಗೆ ಇದ್ದು, ನಡುವಿನ ಪೊರೆ ನೆರಿಗೆ ನೆರಿಗೆಯಾಗಿದೆ. ಚಪ್ಪಟೆ ತಗಡಿನ ಮೇಲೆ ಕಾಲಿಟ್ಟರೆ ಬಾಗುತ್ತದೆ. ಅದೇ ತಗಡನ್ನು ಅಲೆಯಲೆಯಾಗಿ ಮಾಡಿದರೆ ಶೆಡ್ಡಿನ ಮೇಲಿನ ಪತ್ರಾ ಆಗುತ್ತದೆ, ಮನುಷ್ಯನ ಭಾರ ತಾಳುತ್ತದೆ. ವಸ್ತು ಅಷ್ಟೇ, ನೆರಿಗೆಯ ಎತ್ತರ ಹೆಚ್ಚಿದಂತೆ ಬಾಗದ ಗುಣ ಬಹಳ ಬೇಗ ಏರುತ್ತದೆ. ಸೀರೆಯ ನೆರಿಗೆ ಹಿಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಚಿಗವ್ವ ದಪ್ಪ ತಂತಿಯನ್ನು ಮುಂದಿನ ಅಂಚಿಗೆ ಮಾತ್ರ ಇಟ್ಟಳು, ಆರ್ಗಂಜಾ ತೆಗೆದು ಗಂಜಿ ಹಾಕಿದ ತೆಳು ಹತ್ತಿಬಟ್ಟೆಯಲ್ಲಿ ಉದ್ದಕ್ಕೆ ಮೂರು ನೆರಿಗೆ ಹಿಡಿದಳು, ಹಿಂದಿನ ಅಂಚಿಗೆ ಬರೇ ದಾರದ ಕಾಜಾ ಹೊಲಿಗೆ ಹಾಕಿದಳು. ರೆಕ್ಕೆ ಜೋತುಬೀಳಲಿಲ್ಲ. ಮೊದಲಿನದಕ್ಕಿಂತ ಹಗುರವೂ ಆಗಿತ್ತು.

ಇನ್ನೂ ಒಂದು ತೊಡಕು ಉಳಿದಿತ್ತು. ಫ್ಯಾನು ಹಾಕಿದಾಗ ರೆಕ್ಕೆಗಳು ತಿರುಚಿಕೊಂಡು ಪಟಪಟ ನಡುಗುತ್ತಿದ್ದವು. ನಿಜವಾದ ರೆಕ್ಕೆಯ ಮುಂದಿನ ಅಂಚಿನಲ್ಲಿ, ತುದಿಗೆ ಹತ್ತಿರ, ಕಂದುಬಣ್ಣದ ಚಿಕ್ಕ ಮಚ್ಚೆಯೊಂದಿರುತ್ತದೆ. ನಾನು ಅದನ್ನು ಬಹಳ ವರ್ಷ ಗುರುತಿನ ಬೊಟ್ಟು ಎಂದೇ ತಿಳಿದಿದ್ದೆ. ಅದು ದಪ್ಪನಾದ, ತೂಕವಿರುವ ಕೋಣೆ. 1972ರಲ್ಲಿ ಸ್ವೀಡನ್ನಿನ ನೋರ್‌ಬರ್ಗ್ ಎಂಬ ವಿಜ್ಞಾನಿ ಈ ಮಚ್ಚೆಯ ಲೆಕ್ಕ ಹಾಕಿದ. ಇಡೀ ಮೈತೂಕದ ಸಾವಿರದಲ್ಲಿ ಒಂದು ಪಾಲಿನಷ್ಟೂ ಇಲ್ಲದ ಈ ಭಾರ, ರೆಕ್ಕೆ ನಡುಗಲು ಶುರುವಾಗುವ ವೇಗವನ್ನು ಶೇ. 10ರಿಂದ 25ರಷ್ಟು ಮೇಲಕ್ಕೆ ತಳ್ಳುತ್ತದೆ ಎಂದು ತೋರಿಸಿದ. ರೆಕ್ಕೆಯ ತೂಕದ ಕೇಂದ್ರ ಮುಂದಕ್ಕೆ ಸರಿದರೆ, ತಿರುಚುವಿಕೆ ತನ್ನನ್ನು ತಾನೇ ಹೆಚ್ಚಿಸಿಕೊಳ್ಳುವ ಬದಲು ಅಡಗುತ್ತದೆ. ವಿಮಾನದ ರೆಕ್ಕೆಯಲ್ಲಿ ಅಲುಗುವ ಭಾಗಗಳಿಗೆ ಮುಂದೆ ಸಣ್ಣ ತೂಕ ಕಟ್ಟುವುದೂ ಇದೇ ಉಪಾಯ. ನಾವು ನಾಲ್ಕು ರೆಕ್ಕೆಗೂ ಆ ಜಾಗದಲ್ಲಿ ಒಂದೊಂದು ಕರಿಮಣಿ ಹೊಲಿದೆವು. ನಡುಕ ಕಣ್ಣಿಗೆ ಕಾಣುವಷ್ಟು ಇಳಿಯಿತು. ಅದೇ ಮಣಿಯನ್ನು ಬಿಚ್ಚಿ ಹಿಂದಿನ ಅಂಚಿಗೆ ಹೊಲಿದು ನೋಡಿದಾಗ ಮೊದಲಿಗಿಂತ ಜೋರಾಯಿತು. ಮೊಮ್ಮಗಳು ಈ ಆಟವನ್ನು ಆರೇಳು ಸಲ ಆಡಿದಳು, ಪ್ರತಿ ಸಲವೂ ಅಷ್ಟೇ.

ನಮ್ಮ ಅಂಗಳದಲ್ಲಿ ಹಾರುವ ಈ ಜೀವಗಳಲ್ಲಿ ಪ್ಯಾಂಟಾಲಾ ಫ್ಲೇವೆಸೆನ್ಸ್ ಎಂಬ ಹಳದಿ ಜಾತಿಯದ್ದು ದೊಡ್ಡ ಪಯಣಿಗ. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್, ಪ್ರತಿ ವರ್ಷ ಅಕ್ಟೋಬರ್ ಸುಮಾರಿಗೆ ಆ ದ್ವೀಪಗಳಿಗೆ ಲಕ್ಷಗಟ್ಟಲೆ ಏರೋಪ್ಲೇನ್ ಚಿಟ್ಟೆಗಳು ಬಂದಿಳಿಯುವುದನ್ನು ಕಂಡ. ಅಲ್ಲಿ ಮೊಟ್ಟೆಯಿಡಲು ಸಿಹಿನೀರಿನ ಹೊಂಡಗಳೇ ಅಪರೂಪ. ಹಾಗಾದರೆ ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ? ಭಾರತದಿಂದ ಹೊರಟು, ಎತ್ತರದ ಗಾಳಿಯ ಬೆನ್ನೇರಿ, ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾ ಸೇರುತ್ತವೆ ಎಂದು ಆತ 2009ರಲ್ಲಿ ಬರೆದ. ಮಳೆಯನ್ನು ಹಿಂಬಾಲಿಸಿ ಹೋಗಿ ಬರುವ ಆ ಸುತ್ತು 14,000ದಿಂದ 18,000 ಕಿಲೋಮೀಟರ್. ಅದನ್ನು ಮುಗಿಸಲು ನಾಲ್ಕು ತಲೆಮಾರು ಬೇಕಾಗುತ್ತದೆ. ಈ ಜಾತಿಯ ಹಿಂದಿನ ರೆಕ್ಕೆಯ ಬುಡ ಬೇರೆ ಜಾತಿಗಳಿಗಿಂತ ಅಗಲ. ರೆಕ್ಕೆ ಬಡಿಯದೆ ತೇಲಲು ಅದು ನೆರವಾಗುತ್ತದೆ. ಕಂಕುಳ ಬಾಗಿನ ಚೂರು ಈ ರೆಕ್ಕೆಗೆ ಹೇಳಿ ಮಾಡಿಸಿದಂತಿದೆ.

ತಂತಿಗೆ ಮಾತ್ರ ಕೀಟವಾಗುವ ಯೋಗ್ಯತೆ ಪೂರ್ತಿ ಇಲ್ಲ, ಅದನ್ನು ಒಪ್ಪಿಕೊಳ್ಳಬೇಕು. ತಾಮ್ರದ ತಂತಿಯನ್ನು ಒಂದೇ ಕಡೆ ಮತ್ತೆ ಮತ್ತೆ ಬಾಗಿಸಿದರೆ ಆ ಜಾಗ ಮೊದಲು ಬಿರುಸಾಗುತ್ತದೆ, ಆಮೇಲೆ ಪಟ್ಟನೆ ಮುರಿಯುತ್ತದೆ. ಲೋಹದ ಹರಳುಗಳೊಳಗಿನ ಸಣ್ಣ ದೋಷಗಳು ಪ್ರತಿ ಬಾಗಿಗೂ ಹೆಚ್ಚಿ, ಒಂದಕ್ಕೊಂದು ಸಿಕ್ಕಿಕೊಂಡು, ಸರಿದಾಡಲು ಜಾಗವಿಲ್ಲದಂತಾಗುವುದು ಇದಕ್ಕೆ ಕಾರಣ. ಬೈಂಡಿಂಗ್ ವೈರನ್ನು ಕಾರ್ಖಾನೆಯಲ್ಲಿ ಕಾಯಿಸಿ ನಿಧಾನ ಆರಿಸಿರುತ್ತಾರೆ, ಆದ್ದರಿಂದ ಅದು ಮೆತ್ತಗಿದ್ದು ಹೇಳಿದ ಹಾಗೆ ಕೇಳುತ್ತದೆ. ಅದಕ್ಕೂ ಒಂದು ಮಿತಿ ಇದೆ. ಏರೋಪ್ಲೇನ್ ಚಿಟ್ಟೆ ಸೆಕೆಂಡಿಗೆ ಮೂವತ್ತರ ಆಸುಪಾಸು ಸಲ ರೆಕ್ಕೆ ಬಡಿದರೂ ಅದರ ಕೀಲು ಮುರಿಯುವುದಿಲ್ಲ. 1960ರಲ್ಲಿ ಡೆನ್ಮಾರ್ಕಿನ ಟಾರ್ಕೆಲ್ ವೈಸ್-ಫೋ ಮಿಡತೆಯ ರೆಕ್ಕೆಯ ಕೀಲಿನಲ್ಲೂ ಏರೋಪ್ಲೇನ್ ಚಿಟ್ಟೆಯ ಸ್ನಾಯುರಜ್ಜುವಿನಲ್ಲೂ ರಬ್ಬರಿನಂಥ ಪ್ರೋಟೀನನ್ನು ಗುರುತಿಸಿ ರೆಸಿಲಿನ್ ಎಂದು ಕರೆದ. ಹಿಗ್ಗಿಸಲು ಹಾಕಿದ ಶಕ್ತಿಯ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲನ್ನು ಅದು ಹಿಂದಿರುಗಿಸುತ್ತದೆ. ಬಟ್ಟೆಯಲ್ಲಿ ಇದಕ್ಕೆ ಸ್ವಲ್ಪ ಹತ್ತಿರದ್ದು ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ. ಹಾಸಿನ ಎಳೆಯಗುಂಟ ಎಳೆದರೆ ಬಟ್ಟೆ ಹಿಗ್ಗುವುದಿಲ್ಲ, ಹೊಕ್ಕಿನಗುಂಟವೂ ಅಷ್ಟಕ್ಕಷ್ಟೇ. ಮೂಲೆಯಿಂದ ಮೂಲೆಗೆ ಎಳೆದರೆ ಚೌಕಗಳು ವಜ್ರಾಕಾರಕ್ಕೆ ವಾಲಿ ಬಟ್ಟೆ ಹಿಗ್ಗಿ ಮತ್ತೆ ಕೂಡುತ್ತದೆ. ರೆಕ್ಕೆಯನ್ನು ಎದೆಗೆ ಸೇರಿಸುವಲ್ಲಿ ನಾವು ಈ ಪಟ್ಟಿಯನ್ನೇ ಬಳಸುತ್ತೇವೆ.

ಜೀರ್ಜಿಂಬೆಗೆ ಡಬಲ್ ಶೇಡಿನ ರೇಷ್ಮೆ ಚೂರು ಬೇಕು. ಹಾಸು ಹಸಿರು, ಹೊಕ್ಕು ನೇರಳೆ ಇದ್ದರೆ ತಿರುಗಿಸಿದಂತೆ ಬಣ್ಣ ಹೊರಳುತ್ತದೆ. ಬೆಂಕಿಪೆಟ್ಟಿಗೆಯಲ್ಲಿ ಜಾಲಿ ಸೊಪ್ಪು ಹಾಕಿ ಈ ಹುಳವನ್ನು ಸಾಕಿದ ನೆನಪು ನನ್ನ ವಯಸ್ಸಿನವರಿಗೆಲ್ಲ ಇದೆ. ಅದರ ಗಟ್ಟಿ ರೆಕ್ಕೆಯ ಹಸಿರು ಬಣ್ಣದ ಪುಡಿಯಿಂದ ಬಂದದ್ದಲ್ಲ. ಬೆಳಕಿನ ಅಲೆಯ ಉದ್ದಕ್ಕಿಂತಲೂ ತೆಳ್ಳಗಿನ ಹಲವು ಪದರಗಳಲ್ಲಿ ತಾಗಿ ಮರಳುವ ಬೆಳಕುಗಳು ಕೂಡಿ ಹಸಿರನ್ನು ಮಾತ್ರ ಎದ್ದು ತೋರಿಸುತ್ತವೆ. ಬಣ್ಣದ ಪುಡಿ ಬಿಸಿಲಿಗೆ ಮಾಸುತ್ತದೆ, ಪದರ ಮಾಸುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಹೈದರಾಬಾದ್, ಮದ್ರಾಸುಗಳ ಕಸೂತಿಗಾರರು ಈ ರೆಕ್ಕೆಗಳನ್ನು ಜರಿಯ ಜೊತೆ ಬಟ್ಟೆಗೆ ಹೊಲಿಯುತ್ತಿದ್ದರು. ಕಲಬುರಗಿ ಆಗ ಹೈದರಾಬಾದ್ ಸಂಸ್ಥಾನದ್ದೇ ಊರು. 1888ರಲ್ಲಿ ಲಂಡನ್ನಿನ ನಟಿ ಎಲೆನ್ ಟೆರಿ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ತೊಟ್ಟ ಉಡುಪಿನಲ್ಲೂ ಇಂಥ ಸಾವಿರದಷ್ಟು ರೆಕ್ಕೆಗಳಿದ್ದವು, ಇವತ್ತಿಗೂ ಅವು ಹೊಳೆಯುತ್ತವೆ. ನನಗೆ ಆ ಉಡುಪಿಗಿಂತ ರೇಷ್ಮೆ ಚೂರಿನ ಜೀರ್ಜಿಂಬೆಯೇ ಹೆಚ್ಚು ಇಷ್ಟ. ಅದಕ್ಕಾಗಿ ಯಾವ ಹುಳವೂ ಸಾಯಬೇಕಿಲ್ಲ.

ಮಿರಗದ ಹುಳದ ಮಾತು ಬಿಟ್ಟರೆ ಚಿಗವ್ವ ಒಪ್ಪುವುದಿಲ್ಲ. ಮಿರಗ (ಮೃಗಶಿರಾ) ಕೂಡಿ ಮೊದಲ ಮಳೆ ಬಿದ್ದಾಗ ಎರೆನೆಲದ ಮೇಲೆ ಕೆಂಪು ಮಖಮಲ್ಲಿನ ಗುಂಡಿಗಳಂತೆ ಹರಿದಾಡುವ ಇದನ್ನೇ ನಮ್ಮ ಹಳೆಯ ಕವಿಗಳು ಇಂದ್ರಗೋಪ ಎಂದರು. ಮೊಮ್ಮಗಳು ಮಖಮಲ್ಲಿನಲ್ಲಿ ಅದನ್ನು ಹೊಲಿದು, ಕಲಿತ ಪ್ರಕಾರ ಆರು ಕಾಲು ಹಚ್ಚಿದಳು. "ಎಂಟ್ ಅದಾವ, ಎಣಿಸ್ ನೋಡ್" ಎಂದಳು ಚಿಗವ್ವ. ಜೂನಿನಲ್ಲಿ ಎಣಿಸಿ ನೋಡಿದಾಗ ಎಂಟೇ ಇದ್ದವು. ಅದು ಕೀಟವಲ್ಲ, ಜೇಡದ ಬಳಗದ ನುಸಿ. ಹುಡುಗಿಗೆ ಎಣಿಸುವ ರೂಢಿ ಅಲ್ಲಿಂದ ಗಟ್ಟಿಯಾಯಿತು.

ಕಮಲಾಪುರ ಎಂದರೆ ಹೊರಗಿನವರಿಗೆ ಕೆಂಪು ಬಾಳೆ. ಆದರೆ ಒಣಹೊಲದಲ್ಲಿ ನಮ್ಮ ಜೀವ ಇರುವುದು ತೊಗರಿಯ ಮೇಲೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ತೊಗರಿ ಹೂ ಬಿಟ್ಟು ಕಾಯಿ ಕಟ್ಟುವಾಗ ಬರುವ ಕಾಯಿಕೊರಕ, ನಮ್ಮ ಮಾತಿನಲ್ಲಿ ಕೀಡಿ, ಒಮ್ಮೊಮ್ಮೆ ಇಡೀ ಹೊಲವನ್ನು ಬರಿದು ಮಾಡುತ್ತದೆ. ಔಷಧಿ ಹೊಡೆಯುವುದರ ಜೊತೆಗೆ ಕೃಷಿ ವಿಜ್ಞಾನಿಗಳು ಹೇಳುವ ಒಂದು ಸರಳ ದಾರಿ ಇದೆ: ಸಾಲಿನ ನಡುವೆ ತಾಡಪತ್ರಿ ಹಾಸಿ ಗಿಡ ಅಲ್ಲಾಡಿಸಿ, ಉದುರಿದ ಕೀಡಿಗಳನ್ನು ಆರಿಸಿ ನಾಶ ಮಾಡುವುದು. ಚಿಗವ್ವನ ಮನೆಯವರು ಹರಿದ ಸೀರೆಗಳನ್ನು ಕೂಡಿಸಿ ಹೊಲಿದ ಹಾಸನ್ನೇ ಒಯ್ಯುತ್ತಾರೆ.

ಹೋದ ಸಲ ನಾನೂ ಹೋಗಿದ್ದೆ. ಅದಕ್ಕೂ ಮೊದಲು ಹುಡುಗಿ ಹಸಿರು ಅಸ್ತರದ ಚೂರಿನಲ್ಲಿ ಒಂದು ಕೀಡಿ ಮಾಡಿದ್ದಳು. ತಲೆಯ ಹಿಂದೆ ತಂತಿಯ ಆರು ಗಟ್ಟಿ ಕಾಲು, ಹೊಟ್ಟೆಯ ಕೆಳಗೆ ಅರಳೆ ತುಂಬಿದ ಐದು ಜೊತೆ ಮೆತ್ತನೆಯ ಕಾಲು. ಮೊದಲಿನ ಆರು ಮಾತ್ರ ನಿಜವಾದ ಕಾಲುಗಳು, ಹುಳ ಪತಂಗವಾದಾಗಲೂ ಉಳಿಯುವವು. ಹಿಂದಿನವು ಎಲೆಯನ್ನು ಅಪ್ಪಿ ಹಿಡಿಯಲು ಬಾಲ್ಯಕ್ಕಷ್ಟೇ ಇರುವ ಹಿಡಿಕೆಗಳು. ಗಿಡ ಅಲ್ಲಾಡಿಸಿದಾಗ ಸೀರೆಯ ಮೇಲೆ ಹಸಿರು, ಕಂದು, ಹಳದಿ ಕೀಡಿಗಳು ಪಟಪಟನೆ ಬಿದ್ದವು. ಅವುಗಳ ನಡುವೆ ಬೂದುಗಪ್ಪು ಮೈಯ, ಕಿತ್ತಳೆ ಚುಕ್ಕೆಯ ಒಂದು ಸಣ್ಣ ಹುಳ ತಡಬಡಿಸಿ ಓಡುತ್ತಿತ್ತು. ಎಲ್ಲರೂ ಅದನ್ನೂ ಬಳಿದು ಡಬ್ಬಿಗೆ ಹಾಕುವವರಿದ್ದರು. ಹುಡುಗಿ ಕೈ ಅಡ್ಡ ಹಿಡಿದಳು.

"ದೊಡ್ಡಪ್ಪ, ಇದಕ ಹೊಟ್ಟಿ ಕೆಳಗ ಮೆತ್ತನ ಕಾಲಿಲ್ಲ. ಬರೇ ಆರು ಅದಾವ. ಇದು ಕೀಡಿ ಅಲ್ಲ."

ಅದು ಗುಲಗಂಜಿ ಹುಳದ ಮರಿ; ಗಿಡದ ರಸ ಹೀರುವ ಹೇನುಗಳನ್ನು ತಿಂದು ಬದುಕುವಂಥದ್ದು. ಆಕೆ ಅದನ್ನು ಒಂದು ತೊಗರಿ ಎಲೆಯ ಮೇಲೆ ಹತ್ತಿಸಿಕೊಂಡು, ಅಲ್ಲಾಡಿಸಿ ಮುಗಿದ ಹಿಂದಿನ ಸಾಲಿಗೆ ಹೋಗಿ, ಗಿಡದ ಕುಡಿಗೆ ತಾಗಿಸಿ ಹಿಡಿದಳು. ಅದು ಇಳಿದು ಕುಡಿಯ ಮೇಲೆ ಹೋಗುವ ತನಕ ಹಾಗೇ ನಿಂತಿದ್ದಳು.